ಜಡೆ ಹಾಕುವವಳ ಮಗಳು

ಬಾಚಣಿಗೆ ಮತ್ತೆ ಸಿಕ್ಕಿಕೊಂಡಿತು. ಮಗಳು ಎಳೆದಳು, ಸತ್ತವಳ ತಲೆ ದಿಂಬಿನ ಮೇಲೆ ಒಂದು ಕಡೆಗೆ ವಾಲಿತು.

"ಮೆಲ್ಲಗೆ ಕಣೇ, ನೋವಾಗುತ್ತೆ," ಎಂದಳು ಚಿಕ್ಕಮ್ಮ. ಅಂದದ್ದು ತನಗೇ ಕೇಳಿಸಿ ನಾಲಿಗೆ ಕಚ್ಚಿಕೊಂಡಳು. "ನಿನ್ನ ಕೈಲಿ ಆಗಲ್ಲ ಬಿಡು. ಲಾಯದ ಯಜಮಾನರ ಮಗಳು, ಆ ಸವಾರಿ ಹುಡುಗಿ ಬರ್ತಾಳಂತೆ, ಅವಳು ಜಡೆ ಹಾಕ್ತಾಳೆ. ನಿಮ್ಮಮ್ಮನೇ ಕಲಿಸಿದ್ದಲ್ವಾ."

"ನಮ್ಮಮ್ಮನಿಗೆ ಜಡೆ ನಾನೇ ಹಾಕ್ತೀನಿ."

"ಯಾವತ್ತಾದ್ರೂ ಹಾಕಿದ್ದೀಯಾ?"

ಮಗಳು ಸಿಕ್ಕು ಬಿಡಿಸತೊಡಗಿದಳು. ನಲವತ್ತು ದಾಟಿದ ಅವಳ ಕೂದಲು ಇಂದಿಗೂ ಹೆಗಲು ಮುಟ್ಟುತ್ತಿರಲಿಲ್ಲ.

ಕುದುರೆಗಳ ಕತ್ತಿನ ಕೂದಲನ್ನು ಸಣ್ಣ ಸಣ್ಣ ಜಡೆಯಾಗಿ ಹೆಣೆದು, ಮಡಚಿ, ದಾರದಲ್ಲಿ ಹೊಲಿದು ಗುಂಡಿಗಳಂತೆ ಸಾಲಾಗಿ ಕೂರಿಸುವುದು ಅಮ್ಮನ ಕೆಲಸವಾಗಿತ್ತು. ಚಳಿಗಾಲದ ದೊಡ್ಡ ಪ್ರದರ್ಶನಕ್ಕೆ ಹಾಗೆ ಸಿಂಗರಿಸದ ಕುದುರೆ ಅಂಗಳಕ್ಕೆ ಇಳಿಯುವಂತಿರಲಿಲ್ಲ. ಇಂದು ಅದೇ ಪ್ರದರ್ಶನದ ಕಡೆಯ ದಿನ. ನಿನ್ನೆ ಲಾಯದಿಂದ ಬಂದು ಮಲಗಿದ ಅಮ್ಮ ಏಳಲಿಲ್ಲ. ಸವಾರರು ಸ್ಪರ್ಧೆಯ ನಡುವೆ ಬಿಡುವು ಮಾಡಿಕೊಂಡು ಬಂದಿದ್ದರು. ಮೊಣಕಾಲುದ್ದದ ಬೂಟು ಬಿಚ್ಚುವುದು ಸುಲಭದ ಮಾತಲ್ಲವಾದ್ದರಿಂದ ಹೊಸಿಲಾಚೆಯೇ ನಿಂತು, ತಲೆ ಬಾಗಿಸಿ, ಪಕ್ಕಕ್ಕೆ ಸರಿಯುತ್ತಿದ್ದರು.

*

ಶಾಲೆಯಲ್ಲಿ ಫೋಟೊ ತೆಗೆಯುವ ದಿನ. ಅಷ್ಟು ವರ್ಷದಲ್ಲಿ ಅದೊಂದು ಸಲ ಮಗಳು ಹಟ ಹಿಡಿದು ಕೂದಲು ಬೆಳೆಸಿದ್ದಳು. ಕನ್ನಡಿಯ ಮುಂದೆ ರಿಬ್ಬನ್ನು ಹಿಡಿದು ಕಾದು ಕೂತಿದ್ದಳು. ಲಾಯದಿಂದ ಬಂದ ಅಮ್ಮ ಹಿಂದೆ ಕೂತು ಕೂದಲನ್ನು ಕೈಗೆ ತೆಗೆದುಕೊಂಡಳು, ಬಿಟ್ಟಳು. ದಾರ ಕೊಯ್ದ ಬೆರಳುಗಳು ಊದಿಕೊಂಡಿದ್ದವು.

"ಬೆರಳು ಮಡಚೋಕೇ ಆಗ್ತಿಲ್ಲ ಪುಟ್ಟೀ. ಕತ್ತರಿಸಿಬಿಡ್ತೀನಿ, ಚೆನ್ನಾಗಿ ಕಾಣುತ್ತೆ."

ಅದೇ ಸಂಜೆ ಪ್ರದರ್ಶನದಲ್ಲಿ ಲಾಯದ ಯಜಮಾನರ ಮಗಳು, ಇನ್ನೂ ಹಾಲುಹಲ್ಲಿನ ಪೋರಿ, ಪುಟ್ಟ ಕುದುರೆಯ ಮೇಲೆ ಕೂತು ಬಂದಳು. ಟೋಪಿಯ ಕೆಳಗೆ ಎರಡು ಜಡೆ, ಒಂದು ಎಳೆಯೂ ಹೊರಗಿಲ್ಲ. ಅಂಥ ಕೈಗೆಲಸ ಆ ಊರಿನಲ್ಲಿ ಒಬ್ಬರದೇ.

"ಬಾ ಪುಟ್ಟೀ," ಎಂದು ಅಮ್ಮ ಕೈಚಾಚಿ ಕರೆದಳು. ಮಗಳು ಎದ್ದು ನಿಂತಳು. ಅಮ್ಮ ಕರೆದದ್ದು ಕುದುರೆಯ ಮೇಲಿದ್ದವಳನ್ನು.

*

ಹೊರಗೆ ಪಿಸುಮಾತು.

"ಯಜಮಾನರ ಮಗಳು ಫೈನಲ್ ಬಿಟ್ಟು ಬಂದಿದ್ದಾಳೆ ನೋಡು."

"ಹಾಗಾದ್ರೆ ಈ ಸಲ ಕಪ್ ನಿಂದೇ."

"ಸಾವಿನ ಮನೇಲಿ ಆಡೋ ಮಾತಾ ಅದು?" ಎಂದಳು ವರ್ಷವರ್ಷವೂ ಎರಡನೆಯ ಸ್ಥಾನ ಪಡೆದವಳು. ಎಂದವಳೇ ಗಡಿಯಾರ ನೋಡಿಕೊಂಡಳು.

ಯಜಮಾನರ ಮಗಳು ಬಾಗಿಲಲ್ಲೇ ನೆಲಕ್ಕೆ ಕೂತು ಬೂಟು ಎಳೆದೆಸೆದು ಒಳಗೆ ಬಂದಳು. ಒಂದು ಕಾಲುಚೀಲ ಹೆಬ್ಬೆರಳಿನ ಹತ್ತಿರ ಹರಿದಿತ್ತು. ಮಂಚದ ಹತ್ತಿರ ಕುಸಿದು, "ಅಮ್ಮಾ" ಎಂದು ಅತ್ತಳು. ಬಾಗಿಲಲ್ಲಿದ್ದವರು ಕಣ್ಣೊರೆಸಿಕೊಂಡರು. ಬೆಳಗಿನಿಂದ ಹೆತ್ತ ಮಗಳ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಈಗ ಬರುವಂತಿದ್ದದ್ದೂ ಒಣಗಿಹೋಯಿತು. ಅಳುವುದರಲ್ಲೂ ಇವಳೇ ಮೊದಲು.

"ಅಕ್ಕಾ, ನಾನು ಹಾಕ್ಲಾ?"

ಮಗಳು ಬಾಚಣಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಅಮ್ಮ ಕತ್ತಲಲ್ಲೇ ಎದ್ದು ನಿನ್ನ ಹತ್ರ ಬರ್ತಿದ್ದಳಲ್ಲ, ಅಷ್ಟು ಹೊತ್ತು ಏನು ಮಾತಾಡ್ತಿದ್ರಿ?"

"ಮಾತೆಲ್ಲಿ ಬಂತಕ್ಕಾ? ಬಾಯ್ತುಂಬ ದಾರ, ಸೂಜಿ. ಏನು ಕೇಳಿದ್ರೂ ಹೂಂ, ಊಹೂಂ. ಕುದುರೆ ಅಲ್ಲಾಡಿದ್ರೆ ಅದಕ್ಕೊಂದು ತಿವಿತ, ನಾನು ಅಲ್ಲಾಡಿದ್ರೆ ನನಗೊಂದು." ಅಳುವಿನ ನಡುವೆ ಅವಳಿಗೆ ನಗು ಬಂತು. "ಮನೆಗೆ ಬಂದ್ರೆ ನಿಮ್ಮ ಹತ್ರ ಬಾಯೇ ಮುಚ್ತಿರಲಿಲ್ವಂತೆ. ಕೇಳಿ ಎಷ್ಟು ಹೊಟ್ಟೆ ಉರಿದಿತ್ತು ಗೊತ್ತಾ?"

ಅದು ನಿಜವೇ ಆಗಿತ್ತು. ಯಾವ ಕುದುರೆ ಕಚ್ಚಿತು, ಯಾವುದು ಜಡೆಯನ್ನು ಕಂಬಕ್ಕೆ ಉಜ್ಜಿ ಹಾಳುಮಾಡಿಕೊಂಡಿತು ಎಂದು ರಾತ್ರಿ ದೀಪ ಆರಿದ ಮೇಲೂ ಅಮ್ಮ ಹೇಳುತ್ತಲೇ ಇರುತ್ತಿದ್ದಳು. ಮಗಳು ನಿದ್ದೆ ಬಂದವಳಂತೆ ಗೋಡೆಯ ಕಡೆ ತಿರುಗುತ್ತಿದ್ದಳು. ಅದನ್ನು ಇವಳಿಗೆ ಯಾಕೆ ಹೇಳಬೇಕು? ಉರಿದಿದ್ದರೆ ಉರಿಯಲಿ.

"ಹೌದು," ಎಂದಳು. "ಎಲ್ಲಾ ಹೇಳ್ತಿದ್ದಳು."

ನೆತ್ತಿಯಿಂದ ಬೈತಲೆ ತೆಗೆದು ಬಿಳಿಕೂದಲನ್ನು ಎರಡು ಪಾಲು ಮಾಡಿದಳು. "ಆ ಕಡೆದು ನೀನು ಹಾಕು. ಈ ಕಡೆದು ನಂದು."

ಸವಾರಿ ಹುಡುಗಿಯ ಬೆರಳುಗಳು ನೋಡನೋಡುತ್ತ ಕೆಳಗಿಳಿದವು. ತುದಿಯನ್ನು ಮಡಚಿ ದಾರ ಸುತ್ತಿ ಗಂಟು ಬಿಗಿದದ್ದೂ ಆಯಿತು. ಮಗಳ ಕೈಯಲ್ಲಿ ಮೂರು ಎಳೆಗಳು ಒಂದು ದಪ್ಪ, ಒಂದು ಸಣ್ಣ, ಒಂದು ಎಲ್ಲೋ ಜಾರಿಹೋಗಿ, ಜಡೆ ಕಿವಿಯ ಹತ್ತಿರವೇ ಸೊಟ್ಟಗಾಗಿತ್ತು. ಹುಡುಗಿ ತಡೆಯಲಾರದೆ ಕೈ ಚಾಚಿದಳು.

"ಮುಟ್ಟಬೇಡ."

ಹುಡುಗಿ ಕೈ ಹಿಂತೆಗೆದುಕೊಂಡಳು.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಎತ್ತುವವರಿಗೆ ದಾರಿ ಬಿಡಲೆಂದು ಹುಡುಗಿ ಬಾಗಿಲಿಗೆ ಹೋಗಿ ಅಡ್ಡಬಿದ್ದಿದ್ದ ಬೂಟುಗಳನ್ನು ಸರಿಸತೊಡಗಿದಳು. ಮಗಳು ಅಮ್ಮನ ಮೇಲೆ ಬಾಗಿದಳು. ದಾರ ಬಿಗಿದ ಆ ನುಣುಪು ಜಡೆಯನ್ನು ಎತ್ತಿ, ಹೆಗಲಿನಡಿ ಕಾಣದಂತೆ ಸೇರಿಸಿದಳು. ಸೊಟ್ಟ ಜಡೆಯನ್ನು ಎದೆಯ ಮೇಲಕ್ಕೆ ತಂದು, ಆಗಲೇ ಬಿಚ್ಚಿಕೊಳ್ಳುತ್ತಿದ್ದ ಅದರ ತುದಿಯನ್ನು ಅಮ್ಮನ ಬೆರಳುಗಳ ಕೆಳಗೆ ಒತ್ತಿ ಇಟ್ಟಳು.

ಚಿಕ್ಕಮ್ಮ ನೋಡಿದಳು. ನೋಡಿ, ಕಿಟಕಿಯ ಕಡೆ ತಿರುಗಿಕೊಂಡಳು.