ನೀರೊಳಗಿನ ಆರು ಗುಡಿ

"ಆ ಕೊಳವೇನ ನನ್ ಬಾಯಿ ಅತ್ರ ತರಬ್ಯಾಡ ಅಂದೆ, ಅಷ್ಟೆ!"

ಸೀತಮ್ಮ ಕೂಗಿದ್ದು ಕಡಲಿನ ಮೊರೆತವನ್ನೂ ಮೀರಿ ಕೇಳಿಸಿತು. ಮರಳಿನ ಮೇಲೆ ಸಾಲಾಗಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅವಳ ಗಂಡ ತಿರುಮಲಯ್ಯ ಮಾತ್ರ ನೋಡಲಿಲ್ಲ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಇಂಥ ಹೊತ್ತಿಗೆ ಎತ್ತ ನೋಡಬೇಕೆಂದು ಅವನು ಕಲಿತಿದ್ದ. ದಡದ ಮೇಲಿನ ಕಲ್ಲುಗುಡಿಯ ತುದಿಯನ್ನು ಬಹಳ ಭಕ್ತಿಯಿಂದ ನೋಡುತ್ತಿದ್ದ.

"ಮಾಮಿ, ಕೋಪಿಸ್ಕೋಬೇಡಿ. ಒಂದೇ ಒಂದು ತಡವೆ ಮುಳುಗಿ ನೋಡಿ. ಗೋಪುರ ಚೆನ್ನಾಗಿ ತೆರಿಯತ್ತೆ, ಕಣ್ಣೆದುರೇ ಕಾಣತ್ತೆ," ಎಂದ ಕಿಟ್ಟು.

"ನಾನ್ ಯಾವ ಸೀಮೆ ಮಾಮಿ ನಿಂಗೆ? ಸೀತಮ್ಮ ಅನ್ನು, ಇಲ್ದಿದ್ರೆ ಸುಮ್ಕಿರು."

ಕಿಟ್ಟುವಿನ ಕೈಯಲ್ಲಿದ್ದದ್ದು ನೀರೊಳಗೆ ಕಣ್ಣು ಬಿಟ್ಟು ನೋಡುವುದಕ್ಕೆಂದು ಮಾಡಿದ ರಬ್ಬರಿನ ದೊಡ್ಡ ಕನ್ನಡಕ. ಅದರ ಪಕ್ಕಕ್ಕೆ ಉಸಿರಾಡಲು ಒಂದು ಬಾಗಿದ ಕೊಳವೆ. ಬರ್ಮಾ ಬಜಾರಿನಲ್ಲಿ ಹುಡುಕಿ ತಂದದ್ದು, ಸಿಂಗಪುರದ ಮಾಲು ಎಂದು ಅವನು ಬೆಳಿಗ್ಗೆ ಬಸ್ಸು ಅಣ್ಣಾನಗರ ಬಿಡುವ ಮೊದಲೇ ಮೂರು ಸಲ ಹೇಳಿ ಮುಗಿಸಿದ್ದ. ಇದ್ದದ್ದು ಒಂದು. ಬಸ್ಸಿನಲ್ಲಿ ಬಂದಿದ್ದವರು ನಲವತ್ತೆರಡು ಜನ.

ಕಿಟ್ಟು ನುಂಗಂಬಾಕ್ಕಂನ ವಿಮೆ ಕಚೇರಿಯಲ್ಲಿ ಗುಮಾಸ್ತ. ಅವನ ತಾತನ ಕಾಲಕ್ಕೇ ಮದರಾಸಿಗೆ ಬಂದು ನೆಲೆ ನಿಂತ ಕುಟುಂಬ. ಮನೆಯಲ್ಲಿ ಆಡುವುದು ಕನ್ನಡವೇ ಆದರೂ ಅದರೊಳಗೆ ಅರ್ಧ ತಮಿಳು ಸೇರಿಕೊಂಡು, ಈಗ ಅವನಿಗೇ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಕನ್ನಡ ಬಳಗದವರು ಎಲ್ಲಿಗೆ ಹೊರಟರೂ ಮುಂದೆ ನಿಂತು ಕೈ ಎತ್ತಿ ದಾರಿ ತೋರಿಸುವವನು ಅವನೇ. ಈ ಸಲ ಕಾಗದ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದ್ದ: ಮಹಾಬಲಿಪುರಕ್ಕೆ ಒಂದು ದಿನದ ಪ್ರವಾಸ; ಬೆಳಿಗ್ಗೆ ಕಡಲಲ್ಲಿ ಮುಳುಗಿರುವ ಆರು ಗುಡಿಗಳ ದರ್ಶನ, ಮಧ್ಯಾಹ್ನ ಸಿಹಿನೀರಿನ ಮಡುವಿನಲ್ಲಿ ಈಜು, ಸಂಜೆ ದಡದಲ್ಲಿ ಉಳಿದಿರುವ ಏಳನೆಯ ಗುಡಿ. ಅದನ್ನು ಓದಿದ ದಿನದಿಂದ ಸೀತಮ್ಮನ ಮಗಳು ಬೇಬಿಗೆ ಅನ್ನ ಸೇರಿರಲಿಲ್ಲ.

ದರ್ಶನ ನಡೆಯಿತು. ಸೊಂಟದ ಮಟ್ಟದ ನೀರಿನಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ, ಕಿಟ್ಟು ಅವರ ಕತ್ತು ಹಿಡಿದು ಬಗ್ಗಿಸುತ್ತಿದ್ದ. ಒಬ್ಬರ ಬಾಯಿಂದ ತೆಗೆದ ಕೊಳವೆಯನ್ನು ಅಲೆಯಲ್ಲಿ ಅದ್ದಿ ಇನ್ನೊಬ್ಬರ ಬಾಯಿಗೆ ಇಡುತ್ತಿದ್ದ. ಲೋಟ ಎತ್ತಿ ನೀರು ಕುಡಿಯುವ ಮಡಿಯ ಅಂಬುಜಮ್ಮನವರು ಇದನ್ನು ಹೇಗೆ ಸಹಿಸುತ್ತಾರೆಂದು ಸೀತಮ್ಮ ನೋಡುತ್ತಲೇ ಇದ್ದಳು. ಅವರು, "ಸಮುದ್ರದ ನೀರಿಗೆ ಎಂಜಲು ಕಿಂಜಲು ಒಂದೂ ಇಲ್ಲೆ" ಎಂದು ತಾವೇ ತೀರ್ಪು ಕೊಟ್ಟುಕೊಂಡು, ಕೊಳವೆ ಕಚ್ಚಿ ಬಗ್ಗಿ, ಕೆಮ್ಮುತ್ತ ಎದ್ದರು.

"ಕಲಶ ಕಾಣಿಸ್ತು ಕಣೋ ಕಿಟ್ಟು! ಶ್ರೀನಿವಾಸಾ!"

ಹಿರಿಯರಿಗೇ ಕಲಶ ಕಂಡ ಮೇಲೆ ಉಳಿದವರಿಗೆ ಏನೂ ಕಾಣದೆ ಇರುವುದಕ್ಕೆ ಆಗಲಿಲ್ಲ. ಒಬ್ಬರಿಗೆ ಮೆಟ್ಟಿಲು ಕಂಡಿತು, ಒಬ್ಬರಿಗೆ ನಂದಿ ಕಂಡಿತು. ತಿರುಮಲಯ್ಯ ಕೂಡ ಕಣ್ಣು ಒರೆಸಿಕೊಳ್ಳುತ್ತ ಬಂದು, "ಏನೋ ಕಪ್ಪುಕೆ ಕಂಡಂಗಾಯ್ತು ಕಣೆ" ಎಂದ.

"ಕಪ್ಪುಕೆ ಕಂಡಿದ್ದು ಕಿಟ್ಟು ಕಾಲು," ಎಂದಳು ಸೀತಮ್ಮ. "ಮರಳು ನೋಡಿ ಬಂದು ಗುಡಿ ಅಂತೀರಲ್ಲ, ವಯಸ್ಸಾದೋರು ನೀವು!"

ಬೇಬಿಯ ಸರದಿ ಬರುವ ಹೊತ್ತಿಗೆ ಅಲೆಗಳು ಎದ್ದವು. ಒಂದು ಅಲೆ ಕಿಟ್ಟುವನ್ನೇ ಉರುಳಿಸಿ ದಡಕ್ಕೆ ತಂದು ಹಾಕಿತು. ಅವನು ಕನ್ನಡಕವನ್ನು ಎದೆಗೆ ಅವುಚಿಕೊಂಡು ಎದ್ದು, ದರ್ಶನ ಮುಗಿಯಿತು, ಇನ್ನು ಊಟ ಎಂದು ಸಾರಿದ. ಹದಿನಾಲ್ಕು ವರ್ಷದ ಹುಡುಗಿಯ ಮುಖ ಸಣ್ಣದಾಯಿತು. ಪುಳಿಯೋಗರೆಯನ್ನು ಕೈಯಲ್ಲಿ ಮುಟ್ಟಲಿಲ್ಲ.

"ಉಣ್ಣು ಮಗ. ಅಲ್ಲೇನು ಇರಾಕಿಲ್ಲ, ಬರೀ ಉಪ್ಪುನೀರು."

"ಎನಕ್ಕು ವೇಣಾಂ," ಎಂದಳು ಬೇಬಿ. ತನಗೆ ಬೇಡ ಎಂದು.

"ಅದ್ನೇ ನಮ್ ಮಾತಲ್ಲಿ ಯೋಳು."

ಬೇಬಿ ಎಲೆಯನ್ನು ದೂರ ಸರಿಸಿದಳು. ಪೆರಂಬೂರಿನ ರೈಲ್ವೆ ಕೆಲಸಕ್ಕೆಂದು ತಿರುಮಲಯ್ಯ ಶ್ರೀರಂಗಪಟ್ಟಣದ ಕಡೆಯ ಹಳ್ಳಿಯಿಂದ ಸಂಸಾರ ತಂದಾಗ ಅವಳಿಗೆ ಎಂಟು ವರ್ಷ. ಆರು ವರ್ಷದಲ್ಲಿ ಬಾಯಿ ಪೂರ್ತಿ ತಿರುಗಿತ್ತು. ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಜವಾಬು. ಗೆಳತಿಯರು ಮನೆಗೆ ಬಂದರೆ, "ಅಮ್ಮಾ, ನೀ ಪೇಸಾದೆ" ಎಂದು ಮೊದಲೇ ಬಂದೋಬಸ್ತು ಮಾಡುತ್ತಿದ್ದಳು. ಮಾತಾಡಬೇಡ ಎಂದು ಸೀತಮ್ಮನಿಗೆ ಹೇಳುವುದು! ಹಳ್ಳಿಯಲ್ಲಿ ಹೊಳೆಯ ಆಚೆ ದಡದವರನ್ನು ಕೂಗಿ ಕರೆಯಬೇಕಾದರೆ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಹಟಕ್ಕೆ ಅವಳೂ ಒಂದು ತಮಿಳು ಮಾತು ಕಲಿಯಲಿಲ್ಲ. ಸೊಪ್ಪಿನವಳ ಹತ್ತಿರವೂ ಕನ್ನಡದಲ್ಲೇ ಜಗಳವಾಡಿ ಸೊಪ್ಪು ತರುತ್ತಿದ್ದಳು.

ಊಟವಾದ ಮೇಲೆ ಕಿಟ್ಟು ಎಲ್ಲರನ್ನೂ ಎಬ್ಬಿಸಿ ಸರ್ವೆ ತೋಪಿನ ನಡುವೆ ನಡೆಸಿಕೊಂಡು ಹೊರಟ. ಐದು ನಿಮಿಷ ಎಂದಿದ್ದ ದಾರಿ ಮುಕ್ಕಾಲು ಗಂಟೆಯಾಯಿತು. ಕಾದ ಮರಳಿನಲ್ಲಿ ಅಂಬುಜಮ್ಮನವರ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಕಿಟ್ಟು ಎರಡು ಸಲ ದಾರಿ ತಪ್ಪಿಸಿ, ಎರಡು ಸಲವೂ ತಾನು ಬೇಕೆಂದೇ ಸುತ್ತಿಸಿದೆ, ಗಾಳಿ ಚೆನ್ನಾಗಿದೆಯಲ್ಲ ಎಂದ. ಸೀತಮ್ಮನ ತಲೆ ಸುಡುತ್ತಿತ್ತು.

"ಈ ವಯ್ಯ ನಮ್ಮನ್ನ ನಡ್ಸ್ಕೊಂಡೇ ಮದ್ರಾಸ್ಗೆ ಕರ್ಕೊಂಡೋಗ್ತಾನೆ."

"ಓಗ್ಲಿ ಬುಡು," ಎಂದ ತಿರುಮಲಯ್ಯ.

"ಎಲ್ಲಾದ್ಕೂ ಓಗ್ಲಿ ಬುಡು! ನಿಮ್ ತಲೆ ಮ್ಯಾಲೆ ತೆಂಗಿನಕಾಯಿ ಬಿದ್ರೂ ಓಗ್ಲಿ ಬುಡು ಅಂತೀರ!"

ತೋಪು ಮುಗಿದಲ್ಲಿ ಮಡು ಕಂಡಿತು. ಕಡಲಿಗೂ ಹಿನ್ನೀರಿಗೂ ನಡುವೆ ಮರಳಿನ ದಿಬ್ಬ ಕಟ್ಟಿ ನಿಂತ ನೀರು. ಹೋದ ತಿಂಗಳ ಮಳೆಗೆ ತುಂಬಿ ತಿಳಿಯಾಗಿತ್ತು. ದಡದಲ್ಲಿ ಪಾದ ಮುಳುಗುವಷ್ಟು, ಮುಂದೆ ಮೊಣಕಾಲಿನಷ್ಟು. ತಳದ ಮರಳು ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ಅಲೆ ಇಲ್ಲ. ಸೀತಮ್ಮನಿಗೂ ಒಂದು ಕ್ಷಣ ಸಿಟ್ಟು ಇಳಿಯಿತು.

ಆಚೆ ದಡದಲ್ಲಿ, ದೂರದಲ್ಲಿ, ಕಟ್ಟುಮರದ ಮೇಲೆ ಕೂತು ಬಲೆ ಹೆಣೆಯುತ್ತಿದ್ದ ಒಬ್ಬ ಮೀನುಗಾರ ಜನರನ್ನು ಕಂಡು ಎದ್ದು ನಿಂತ. ಕೈ ಬೀಸಿ ಕೂಗಿದ. ಗಾಳಿಯಲ್ಲಿ ಮಾತು ಹರಿದು ಹರಿದು ಬಂತು.

"ಏಯ್! ಅಂಗೆ... ಕುಳಿ! ಕುಳಿ!"

"ನೋಡಿದ್ರಾ!" ಕಿಟ್ಟು ಹಿಗ್ಗಿದ. "ಊರಿನವನೇ ಕೂಗಿ ಸೊಲ್ತಾನೆ. ಕುಳಿ ಅಂದ್ರೆ ತಮಿಳಲ್ಲಿ ಸ್ನಾನ ಮಾಡು ಅಂತ, ಸೀತಮ್ಮನೋರೆ. ಧಾರಾಳವಾಗಿ ಇಳೀರಿ ಅಂತಾನೆ. ಒಳ್ಳೆ ಮನುಷ್ಯ." ಅವನೂ ಕೈ ಬೀಸಿದ.

ಗಂಡಸರು ಅಂಗಿ ಕಳಚತೊಡಗಿದರು. ಸೀತಮ್ಮ ಮಾತ್ರ ನಿಂತಲ್ಲೇ ನಿಂತಳು. ಆರು ವರ್ಷದಲ್ಲಿ ಈ ಸೀಮೆಯವರು ಆಡಿದ ಒಂದು ಮಾತು ಮೊದಲ ಸಲ ಅವಳ ಕಿವಿಗೆ ನೆಟ್ಟಗೆ ಬಿದ್ದಿತ್ತು. ಕುಳಿ. ಅವಳ ಊರಿನಲ್ಲಿ, ಸೇತುವೆ ಕಟ್ಟುವುದಕ್ಕೆ ಕಾವೇರಿಯ ಮರಳು ತೆಗೆದ ಜಾಗಕ್ಕೆಲ್ಲ ಅದೇ ಹೆಸರು. ಮೇಲೆ ನೀರು ತಿಳಿಯಾಗಿ, ಮೊಣಕಾಲುದ್ದ ಇದ್ದಂತೆ ಕಾಣುತ್ತಿತ್ತು. ಎತ್ತು ತೊಳೆಯಲು ಹೋದ ಅವಳ ಚಿಕ್ಕಪ್ಪನ ಮಗನನ್ನು ಅಂಥ ಕುಳಿಯಿಂದ ಮಾರನೆಯ ದಿನ ತೆಗೆದಿದ್ದರು.

"ಸ್ನಾನ ಅಲ್ಲ ಕಣ್ರಪ್ಪ," ಎಂದಳು. "ಕುಳಿ ಅಂತಾವ್ನೆ ಅವ್ನು. ಗುಂಡಿ! ಅಲ್ಲಿ ಗುಂಡಿ ಅದೆ!"

"ಅಯ್ಯೋ, ನಿಮಗೆ ತಮಿಳು ತಿಳಿಯಾದಲ್ಲ," ಎಂದರು ಅಂಬುಜಮ್ಮ.

"ಆರು ವರ್ಷದಿಂದ ತಮಿಳೇ ಬೇಡ ಅಂದೋರು ಇವತ್ತು ನಮಗೇ ಅರ್ಥ ಹೇಳ್ತಾರೆ!" ಎಂದು ಯಾರೋ ಅಂದರು. ನಗು ಹಬ್ಬಿತು. ಬೆಳಗಿನಿಂದ ಅವಳ ಬಾಯಿಗೆ ಸಿಕ್ಕಿದ್ದವರೆಲ್ಲ ಮನಸಾರೆ ನಕ್ಕರು.

"ಅವ್ನ ಕೈ ನೋಡ್ರೋ! ಬಾ ಅಂತ ಬೀಸ್ತಾವ್ನಾ, ಓಗು ಅಂತ ಬೀಸ್ತಾವ್ನಾ? ಕಣ್ಣೂ ಇಲ್ವಾ ನಿಮ್ಗೆ?"

"ಅಮ್ಮಾ, ಪೋದುಂ!" ಎಂದಿತು ಬೇಬಿಯ ದನಿ. ಸಾಕು ಎಂದು. ಆ ಹುಡುಗಿಯ ಕಿವಿಯೆಲ್ಲ ಕೆಂಪಾಗಿತ್ತು. ಕಿಟ್ಟು ಕಲ್ಲಿನ ಮೇಲೆ ಇಟ್ಟಿದ್ದ ಕನ್ನಡಕವನ್ನು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಲಂಗ ಎತ್ತಿ ಕಟ್ಟಿ ನೀರಿಗೆ ಇಳಿದಳು. ಕೊಳವೆ ಕಚ್ಚಿದಳು. ಬಗ್ಗಿ ಮುಖವನ್ನು ನೀರೊಳಗೆ ಇಟ್ಟಳು. ಹಾಗೇ ಬಗ್ಗಿಕೊಂಡು, ತಳ ನೋಡುತ್ತ ನೋಡುತ್ತ, ಒಂದೊಂದೇ ಹೆಜ್ಜೆ ಮುಂದೆ ಹೋದಳು.

"ಬೇಬೀ! ನಿಲ್ಲೇ!"

ಇಡೀ ತೋಪಿಗೆ ಕೇಳಿಸಿತು. ಬೇಬಿಗೆ ಕೇಳಲಿಲ್ಲ. ಅವಳ ಕಿವಿ ನೀರಿನೊಳಗಿತ್ತು. ಸೀತಮ್ಮ ಇನ್ನೊಂದು ಸಲ ಕೂಗಲು ಬಾಯಿ ತೆರೆದು, ಅದರಿಂದ ಪ್ರಯೋಜನವಿಲ್ಲವೆಂದು ತಿಳಿದು ಮುಚ್ಚಿದಳು. ಸೀರೆಯ ನೆರಿಗೆಯನ್ನು ಕಾಲ ಸಂದಿಯಿಂದ ಹಿಂದಕ್ಕೆ ಎಳೆದು ಸೊಂಟಕ್ಕೆ ಸಿಕ್ಕಿಸಿ ನುಗ್ಗಿದಳು.

ನೀರು ಮೊಣಕಾಲಿಗೆ ಬಂತು. ತೊಡೆಗೆ ಬಂತು. ಮಗಳು ಇನ್ನೂ ನಾಲ್ಕು ಮಾರು ಮುಂದೆ. ಎರಡು ಮಾರು. ಅಷ್ಟರಲ್ಲಿ ಬೇಬಿಯ ಬೆನ್ನು ಥಟ್ಟನೆ ಇಲ್ಲವಾಯಿತು. ಕೂಗಲಿಲ್ಲ, ಕೈ ಎತ್ತಲಿಲ್ಲ. ಕೊಳವೆಯ ತುದಿ ಒಂದು ಕ್ಷಣ ನೀರಿನ ಮೇಲೆ ನಿಂತು ಅದೂ ಒಳಗೆ ಹೋಯಿತು. ಸೀತಮ್ಮ ಮುಂದಕ್ಕೆ ಬಿದ್ದು ಕೈ ಹಾಕಿದಳು. ಮೊದಲು ಬರೀ ನೀರು. ಆಮೇಲೆ ಜಡೆ. ಅದನ್ನು ಮುಷ್ಟಿಗೆ ಒಂದು ಸುತ್ತು ಸುತ್ತಿಕೊಂಡಳು. ಕಾಲಡಿಯ ಮರಳು ಕುಸಿಯತೊಡಗಿತು. ಕುಳಿಯ ಅಂಚಿನಲ್ಲಿ ನಿಂತವರು ಜಾರುತ್ತಾರೆ, ಕೂತವರು ಉಳಿಯುತ್ತಾರೆ ಎಂಬುದು ಹೊಳೆ ದಡದವರಿಗೆ ಯಾರೂ ಹೇಳಿಕೊಡದೆ ಬರುವ ತಿಳಿವಳಿಕೆ. ಅವಳು ಹಿಂದಕ್ಕೆ ಕುಕ್ಕರಿಸಿ ಕೂತಳು. ನೀರು ಗಲ್ಲಕ್ಕೆ ಬಂತು, ಬಾಯಿಗೆ ಬಂತು. ಹಿಮ್ಮಡಿ ಊರಿ, ಜಡೆ ಎಳೆಯುತ್ತ, ಕೂತಲ್ಲೇ ಹಿಂದೆ ಹಿಂದೆ ಸರಿದಳು. ತಿರುಮಲಯ್ಯ ಯಾವಾಗ ಬಂದನೋ, ಪಂಚೆ ಎಲ್ಲಿ ಹೋಯಿತೋ, ಹಿಂದಿನಿಂದ ಅವಳ ಎರಡು ತೋಳಿನ ಕೆಳಗೆ ಕೈ ಹಾಕಿ ಇಬ್ಬರನ್ನೂ ಎಳೆದು ಮರಳಿಗೆ ಹಾಕಿದ.

ಬೇಬಿ ವಾಂತಿ ಮಾಡಿಕೊಂಡಳು, ಕೆಮ್ಮಿದಳು, ಆಮೇಲೆ ಉಸಿರು ಎಳೆದುಕೊಂಡಳು. ಕನ್ನಡಕ ಮೇಲೆ ಬರಲಿಲ್ಲ.

ಆಚೆ ದಡದ ಮೀನುಗಾರ ಉದ್ದನೆಯ ಬಿದಿರಿನ ಗಳ ಹಿಡಿದು ಮರಳುದಿಬ್ಬ ಸುತ್ತಿ ಓಡಿ ಬಂದ. ಬಂದವನೇ ಕಿಟ್ಟುವನ್ನು ಹಿಡಿದುಕೊಂಡ. ಸುಣ್ಣ ಸುಡುವವರು ಚಿಪ್ಪು ಅಗೆದುಕೊಂಡು ಹೋದ ಜಾಗ ಇದು, ತಳದಲ್ಲಿ ಬರೀ ಕುಳಿ, ಗಂಟಲು ಹರಿಯುವ ಹಾಗೆ ಕುಳಿ ಕುಳಿ ಎಂದು ಕೂಗಿದರೆ ಕೈ ಬೀಸಿ ನಗುತ್ತೀಯಲ್ಲ, ನಿನಗೆ ತಮಿಳು ಬರುವುದಿಲ್ಲವೇನಯ್ಯಾ ಎಂದು ತಮಿಳಿನಲ್ಲಿ ಬೈದ.

"ಗುಂಡಿಗೂ ಕುಳಿ ಅಂತಾರೆ, ಸ್ನಾನಕ್ಕೂ ಕುಳಿ ಅಂತಾರೆ ಇಲ್ಲಿ... ಗಾಳೀಲಿ ಎರಡೂ ಒಂದೇ ಥರ ಕೇಳತ್ತೆ, ಮಾಮಿ," ಕಿಟ್ಟು ತೊದಲಿದ.

"ಕಡಲೊಳಗೆ ಆರು ಗುಡಿ ಕಂಡೋನ್ಗೆ ಕಾಲ್ಬುಡದ ಒಂದು ಗುಂಡಿ ಕಾಣ್ನಿಲ್ವೇನೋ!" ಎಂದು ಸೀತಮ್ಮ ಶುರುಮಾಡಿದಳು.

ಮೀನುಗಾರ ಎಡಗಡೆಯಿಂದ ತಮಿಳಿನಲ್ಲಿ, ಸೀತಮ್ಮ ಬಲಗಡೆಯಿಂದ ಕನ್ನಡದಲ್ಲಿ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಅವನು ಉಸಿರು ಎಳೆದುಕೊಳ್ಳುವಾಗ ಇವಳು "ಅಂಗ್ ಯೋಳಪ್ಪ!" ಎನ್ನುತ್ತಿದ್ದಳು, ಇವಳು ಸೆರಗು ಹಿಂಡುವಾಗ ಅವನು "ಆಮಾಂ, ಅಮ್ಮಾ ಸೊಲ್ರದು ಸರಿ!" ಎಂದು ಅವಳ ಮಾತಿಗೆ ಹೂಂಗುಟ್ಟುತ್ತಿದ್ದ. ಅಂಬುಜಮ್ಮನವರು ಒಂದು ಒಣ ಟವೆಲನ್ನು ಬೇಬಿಯ ಹೆಗಲಿಗೆ ಹೊದಿಸಿ, ದೂರ ಹೋಗಿ ಕೂತರು. ಉಳಿದವರು ಅಂಗಿ ತೊಟ್ಟುಕೊಳ್ಳುತ್ತಿದ್ದರು.

ಬೈದು ಬೈದು ಸೀತಮ್ಮನ ದನಿ ಬಿದ್ದುಹೋಯಿತು. ಮಗಳ ಪಕ್ಕ ಮರಳಿನ ಮೇಲೆ ಕೂತಳು. ಅವಳ ಬಲಗೈಯ ಮುಷ್ಟಿ ಇನ್ನೂ ಜಡೆಯನ್ನು ಬಿಟ್ಟಿರಲಿಲ್ಲ.

"ನೋವಾಗ್ತದೆ, ಅವ್ವ," ಎಂದಳು ಬೇಬಿ.

"ಆಗ್ಲಿ," ಎಂದಳು ಸೀತಮ್ಮ. ಕೈ ಬಿಡಲಿಲ್ಲ.

ಮೀನುಗಾರ ಆಳ ತೋರಿಸಲೆಂದು ಸೊಂಟದವರೆಗೆ ನೀರಿಗೆ ಇಳಿದು, ಹುಡುಗಿ ಮುಳುಗಿದ ಕಡೆಗೆ ಬಿದಿರಿನ ಗಳವನ್ನು ಚಾಚಿ ಇಳಿಬಿಟ್ಟ. ಅದು ಅರ್ಧ ಹೋಯಿತು, ಮುಕ್ಕಾಲು ಹೋಯಿತು, ಅವನ ಹಿಡಿಯವರೆಗೂ ಹೋಯಿತು. ತಳ ಸಿಗದೆ ಅವನು ಇನ್ನಷ್ಟು ಒತ್ತಿದಾಗ ಕೈ ಜಾರಿ ಗಳ ಪೂರ್ತಿ ಒಳಗಿಳಿಯಿತು. ದಡದಲ್ಲಿದ್ದವರೆಲ್ಲ ಆ ಜಾಗವನ್ನೇ ನೋಡುತ್ತ ನಿಂತರು. ನೀರು ಮೊದಲಿನಂತೆ ತಿಳಿಯಾಗಿ, ಮೊಣಕಾಲುದ್ದ ಇರುವಂತೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, ಯಾರೂ ನೋಡುತ್ತಿರದ ಇನ್ನೊಂದು ಕಡೆ, ಕುಳಿಯೊಳಗೆ ಓರೆಯಾಗಿ ಜಾರಿದ್ದ ಗಳ ಸದ್ದಿಲ್ಲದೆ ಮೇಲೆದ್ದು ಅಡ್ಡಲಾಗಿ ತೇಲಿತು.