ಹಂಝನ ಬೆಲ್ಟಿನ ಹೊಸ ತೂತು

ರಿಯಾದಿನ ಹೊರಗೆ ರಸ್ತೆ ಹಾಕುತ್ತಿದ್ದ ತೈವಾನ್ ಕಂಪನಿಯ ಕ್ಯಾಂಪಿನಲ್ಲಿ ಶುಕ್ರವಾರ ಮಧ್ಯಾಹ್ನವೆಂದರೆ ಕ್ಯಾಸೆಟ್ಟಿನ ಹೊತ್ತು. ಟೇಪ್ ರೆಕಾರ್ಡರಿನ ಎದುರು ಕೂತು ಮಾತಾಡಿದರಾಯಿತು, ರಜೆಗೆ ಹೋಗುವವರು ಊರಿಗೆ ಮುಟ್ಟಿಸುತ್ತಿದ್ದರು. ಅಲ್ಲಿ ಅದನ್ನು ಕೇಳುವುದು ಹೆಂಡತಿಯೊಬ್ಬಳೇ ಅಲ್ಲ. ಅತ್ತೆ, ಮಾವ, ನಾದಿನಿ, ಆಚೆಮನೆಯವರೆಲ್ಲ ಚಾಪೆ ಹಾಸಿ ಕೂರುತ್ತಿದ್ದರು. ಹಾಗಾಗಿ 'ನಿನ್ನ ನೆನಪಾಗುತ್ತದೆ' ಎಂಬ ಒಂದು ಮಾತು ಬಿಟ್ಟು ಉಳಿದದ್ದನ್ನೆಲ್ಲ ಹೇಳಬಹುದಿತ್ತು.

ಆ ಹೊತ್ತಿಗೆ ಡ್ರೈವರ್ ಹಂಝನೇ ರಾಜ. ವೀಸಾ ಕೊಟ್ಟ ಅರಬಿ ಧಣಿ ಕಫೀಲನ ಕೆಮ್ಮು, ಫೋರ್‌ಮನ್ನಿನ ಬೈಗುಳ, ಕೆಟ್ಟ ಡೀಸೆಲ್ ಪಂಪಿನ ಬಿಕ್ಕಳಿಕೆ, ಎಲ್ಲವನ್ನೂ ಗಂಟಲಲ್ಲೇ ಸಾಕಿಕೊಂಡಿದ್ದ. ಯಾರ ಕ್ಯಾಸೆಟ್ಟಾದರೂ ಕೊನೆಗೆ ಹಂಝನ ಅನುಕರಣೆ ಇಲ್ಲದಿದ್ದರೆ ಉಪ್ಪಿಲ್ಲದ ಗಂಜಿ.

ಈ ರಾಜ್ಯಕ್ಕೆ ಕನ್ನ ಕೊರೆದವನು ನಕ್ಷೆ ಬರೆಯುವ ಲಾಜರಸ್. ಸರ್ವೆ ಇಂಜಿನಿಯರ್ ಚೆನ್ ಸಾಹೇಬರ ಜೊತೆ ಸಕ್ಕರೆಯಿಲ್ಲದ ಚಾ ಕುಡಿದು ಕುಡಿದು ಅವನಿಗೆ ಚೀನಾದ ಹಳೇ ಕವಿತೆಗಳ ರುಚಿ ಹತ್ತಿತ್ತು.

"ಅವರು ದುಃಖ ಅಂತ ಹೇಳುವುದೇ ಇಲ್ಲ ಮಾರಾಯ," ಎಂದು ಅಡುಗೆಯ ಪೊಡಿಯಬ್ಬನಿಗೆ ಪಾಠ ಮಾಡಿದ. "ಸೊಂಟದ ಪಟ್ಟಿ ಸಡಿಲ ಆಯ್ತು ಅಂತಾರೆ. ಎತ್ತರಕ್ಕೆ ಹತ್ತಿ ಊರಿನ ದಿಕ್ಕು ನೋಡಿದೆ ಅಂತಾರೆ. ಅಷ್ಟೇ. ಅಳುವುದು ಕೇಳುವವರ ಕೆಲಸ."

ಪೊಡಿಯಬ್ಬ ಅಂದೇ ರೆಕಾರ್ಡ್ ಮಾಡಿದ: "ದಿನಾ ಸಂಜೆ ನೀರಿನ ಟಾಂಕಿ ಹತ್ತಿ ಊರಿನ ಕಡೆ ನೋಡ್ತೇನೆ." ಹಂಝನ ಅನುಕರಣೆ ಈ ಸಲ ಬೇಡವೆಂದ.

ಮುಂದಿನ ಕ್ಯಾಸೆಟ್ಟಿನಲ್ಲಿ ಉಳ್ಳಾಲದಿಂದ ಹಂಝನ ಹೆಂಡತಿ ಮೈಮೂನತ್ ಹೇಳಿದಳು: "ಟಾಂಕಿ ಹತ್ತುವ ಮಾತು ಕೇಳಿ ಪೊಡಿಯಬ್ಬರ ಹೆಂಡತಿ ಜಮೀಲಮ್ಮ ಊಟ ಬಿಟ್ಟಳು. ಅವರು ಎಷ್ಟು ಚೆಂದ ಮಾತಾಡ್ತಾರೆ. ನಿಮಗೆಂತ, ಅಲ್ಲಿ ನಗ್ತಾ ಇದ್ದೀರಿ."

ಹೊಟ್ಟೆಕಿಚ್ಚಿಗೆ ಗ್ಯಾಸ್ ಸಿಲಿಂಡರ್ ಬೇಡ. ಹಂಝ ಮೆಸ್ಸಿನಲ್ಲಿ ಅರೆಗಣ್ಣು ಮುಚ್ಚಿ, ಜಾರುವ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದವನಂತೆ ನಡೆದು, ಲಾಜರಸನ ದನಿಯಲ್ಲಿ "ಪಟ್ಟಿ ಸಡಿಲ ಆಯ್ತು" ಎಂದ. ಎಲ್ಲರೂ ನಕ್ಕರು. ಲಾಜರಸನೂ ನಕ್ಕ, ಉರಿ ಹೆಚ್ಚಿಸಿದ್ದು ಅದೇ. ನಕ್ಕವರೆಲ್ಲ ಕೈ ತೊಳೆದು, ಕ್ಯಾಸೆಟ್ಟಿಗೆ ಒಂದು ಸಾಲು ಕೊಡು ಎಂದು ಲಾಜರಸನ ಬಳಿಗೇ ಹೋದರು.

ಹಂಝ ಬಾಗಿಲು ಹಾಕಿಕೊಂಡು ಟೇಪಿನ ಎದುರು ಕೂತ. ಊರವರ ದನಿಯೆಲ್ಲ ಬರುತ್ತಿದ್ದ ಗಂಟಲಿಗೆ ತನ್ನದೇ ದನಿ ಬರಲಿಲ್ಲ. ಕೊನೆಗೆ ಲಾಜರಸನದ್ದನ್ನೇ ಕದ್ದು, "ಬೆಲ್ಟಿಗೆ ಹೊಸ ತೂತು ಹೊಡೆಸಬೇಕಾಯ್ತು ಮೈಮೂನಾ," ಎಂದ. ಹೊಡೆಸಿದ್ದು ನಿಜ. ಕಬ್ಸಾ ಅನ್ನ ತಿಂದು ಬೆಳೆದ ಹೊಟ್ಟೆಗಾಗಿ, ತುದಿಯ ಕಡೆಗೆ.

ರಜೆ ಮುಗಿಸಿ ಬಂದ ಪೊಡಿಯಬ್ಬ ಹಂಝನ ಮನೆಯಿಂದ ದೊಡ್ಡ ಪಾರ್ಸೆಲ್ಲನ್ನೂ ಕ್ಯಾಸೆಟ್ಟನ್ನೂ ತಂದ. ಹಂಝ ಬೇಕೆಂದೇ ಎಲ್ಲರ ಎದುರು ಕ್ಯಾಸೆಟ್ಟನ್ನು ಹಾಕಿದ. ಮೈಮೂನತ್ ಅಳುವುದನ್ನು ಲಾಜರಸ್ ಕೇಳಬೇಕಿತ್ತು.

ಅತ್ತದ್ದು ಹಂಝನ ಉಮ್ಮ. "ಕಫೀಲ್ ನಿನಗೆ ಅನ್ನ ಹಾಕುವುದಿಲ್ಲವಾ ಮಗಾ? ಒಣಮೀನು ಕಳಿಸಿದ್ದೇನೆ, ತುಪ್ಪ ಕಳಿಸಿದ್ದೇನೆ. ಮರ್ಯಾದೆ ನೋಡಬೇಡ, ತಿನ್ನು."

ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಗದ್ದಲದ ಅಡಿಯಲ್ಲಿ ಮೈಮೂನತ್ ಮೆಲ್ಲನೆ ಮಾತಾಡಿದಳು: "ಬೆಲ್ಟಿನ ಮಾತು ಕೇಳಿದೆ. ಇಲ್ಲಿಯೂ ಪಾತ್ರೆ ತೊಳೆಯುವಾಗ ಬಳೆ ಜಾರಿ ಬೀಳ್ತದೆ. ಚಿಕ್ಕ ಅಳತೆಯದ್ದು ಹಾಕಿಸಿಕೊಂಡೆ. ಅದೂ ನಿಲ್ಲುವುದಿಲ್ಲ."

ಲಾಜರಸನ ನಗು ನಿಂತಿತು. "ಅದೆಂತ ಹೇಳಿದ್ದು? ಇನ್ನೊಮ್ಮೆ ಹಾಕು. ಚೆನ್ ಸಾಹೇಬರಿಗೆ ಹೇಳಬೇಕು."

ಅವನ ಕಣ್ಣಲ್ಲಿದ್ದ ಕಿಚ್ಚನ್ನು ಹಂಝ ಗುರುತಿಸಿದ. ಎಷ್ಟೋ ದಿನಗಳಿಂದ ಕ್ಷೌರದ ಕನ್ನಡಿಯಲ್ಲಿ ಕಂಡದ್ದೇ ಅದು.

"ಎಂತದ್ದೂ ಇಲ್ಲ. ಮನೆ ಮಾತು," ಎಂದು ಕ್ಯಾಸೆಟ್ ತೆಗೆದು ಅಂಗಿಯ ಕಿಸೆಗೆ ಹಾಕಿ, ಗುಂಡಿಯನ್ನೂ ಹಾಕಿಕೊಂಡ. "ಒಣಮೀನು ನೀವೇ ತಿನ್ನಿ."

ಹೊರಗೆ ಹೋಗಿ, ಉಸಿರೆಳೆದು, ಬೆಲ್ಟನ್ನು ಹಳೆಯ ತೂತಿಗೇ ಬಿಗಿದ. ಕೂರಲಿಕ್ಕಾಗಲಿಲ್ಲ. ನಿಂತೇ ಇದ್ದ.