ಕ್ಯಾಸೆಟ್ ನಿಲ್ಲಿಸಬೇಡ

ಊಟದ ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರನ್ನು ಅತ್ತಿಗೆ ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಳು. ಮನೆಮನೆಗೂ ಕಂಪ್ಯೂಟರ್ ತಂದವನೆಂದು ಹೆಸರಾಗಿದ್ದ ಅವಳ ಗಂಡ ತೀರಿಕೊಂಡು ವರ್ಷವಾಗಿತ್ತು. ಮರುದಿನ ಅವನ ಹೆಸರಿನ ವಸ್ತುಸಂಗ್ರಹಾಲಯದ ಉದ್ಘಾಟನೆ.

ಅವನ ತಂಗಿ ಎದುರಿಗೆ ಕೂತು ಹಲ್ಲು ಕಡಿಯುತ್ತಿದ್ದಳು. ಪೆಟ್ಟಿಗೆ ಅಣ್ಣನದೇ, ಸುಳ್ಳೇಕೆ. ಬೆಸುಗೆ ಹಾಕಿ ಹಾಕಿ ಬೆರಳು ಸುಟ್ಟುಕೊಂಡವನು ಅವನು. ಆದರೆ ಅದಕ್ಕೆ ಲೆಕ್ಕ, ಆಟ, ಚಿತ್ರ ಕಲಿಸಿದ ಪ್ರೋಗ್ರಾಮ್ ತನ್ನದು. ಪತ್ರಿಕೆಯವರು ಬಂದಾಗಲೆಲ್ಲ ಅಣ್ಣ, "ನನ್ನ ತಂಗಿ, ಮನೆ ನೋಡ್ಕೋತಾಳೆ" ಎನ್ನುತ್ತಿದ್ದ. ಅವಳು ಹಲ್ಲುಕಿರಿದು ನಿಲ್ಲುತ್ತಿದ್ದಳು. ಹಾಳಾದ ನಗು!

"ನಾಳೆ ತೆರೆಯೋ ಫಲಕದಲ್ಲಿ ನನ್ನ ಹೆಸರೆಲ್ಲಿ ಅತ್ತಿಗೆ?"

"ಸತ್ತವರ ಮೇಲೆ ಎಂಥಾ ಹಗೆ ನಿಂದು? ಹೆಂಗಸು ಬರೆದದ್ದು ಅಂದಿದ್ರೆ ಆಗ ಯಾರು ಕೊಳ್ತಿದ್ರು? ಮನೆ ನಡೀಲಿ ಅಂತ ಮಾಡಿದ್ರು. ಆ ಅನ್ನ ನೀನೂ ಉಂಡಿದೀಯ."

"ಆಗ ಸರಿ. ಆಮೇಲಾದ್ರೂ ಹೇಳ್ಬಹುದಿತ್ತಲ್ಲ? ಬಾಯಿಗೆ ಬೀಗ ಬಿದ್ದಿತ್ತಾ?"

ಅತ್ತಿಗೆ ಬಟ್ಟೆ ಮಡಚಿಟ್ಟು ಎದ್ದುಹೋದಳು.

ಆರಿಸಿದರೆ ಎಲ್ಲ ಮರೆಯುವ ಯಂತ್ರ ಅದು. ಪ್ರೋಗ್ರಾಮ್ ಇದ್ದದ್ದು ಕ್ಯಾಸೆಟ್ಟಿನಲ್ಲಿ; ಟೇಪ್‌ರೆಕಾರ್ಡರಿನಿಂದ ಒಂದು ತಂತಿಯ ಮೂಲಕ ಪ್ರತಿಸಲವೂ ತುಂಬಿಸಬೇಕು. ಉಳಿದಿದ್ದುದು ಒಂದೇ ಕ್ಯಾಸೆಟ್. ಅಳಿಸಿಬಿಡುತ್ತೇನೆ, ನಾಳೆ ಖಾಲಿ ಪೆಟ್ಟಿಗೆಗೆ ಚಪ್ಪಾಳೆ ಹೊಡೆಯಲಿ ಎಂದು ತಂಗಿ ರೆಕಾರ್ಡ್ ಗುಂಡಿಯ ಮೇಲೆ ಬೆರಳಿಟ್ಟಳು. ಬೆರಳು ಒತ್ತಲಿಲ್ಲ. ಅಳಿಸಿದರೆ ಹೋಗುವುದು ಯಾರ ದುಡಿಮೆ? ಮೂಗು ಕೊಯ್ದುಕೊಂಡು ಅಪಶಕುನ ಮಾಡಿದ ಹಾಗಾಗುತ್ತದೆ. ಪ್ರೋಗ್ರಾಮ್ ಮುಗಿಯುವವರೆಗೂ ಟೇಪು ಓಡಿಸಿ, ಆಚೆಗಿನ ಖಾಲಿ ಜಾಗದಲ್ಲಿ ತನ್ನ ದನಿ ತುಂಬಿದಳು.

ಮರುದಿನ ವೇದಿಕೆಯಲ್ಲಿ ಅಣ್ಣನ ಮಗ ಕ್ಯಾಸೆಟ್ ಹಾಕಿದ. ಸ್ವಲ್ಪ ಹೊತ್ತಿಗೆ ಟಿವಿ ಪರದೆಯ ಮೇಲೆ ದೋಣಿಯೊಂದು ತೇಲಿತು. ಸಭೆ ಚಪ್ಪಾಳೆ ಹೊಡೆಯಿತು. ಹುರುಪಿನಲ್ಲಿ ಅವನು ತಂತಿ ಕಿತ್ತು ಎತ್ತಿ ತೋರಿಸಿದ. "ಅಪ್ಪನಿಗೆ ಇಷ್ಟು ಸಾಕಿತ್ತು ನೋಡಿ!"

ಬಳಸಿ ಗೊತ್ತಿದ್ದವರು ಮೊದಲು ಟೇಪು ನಿಲ್ಲಿಸುತ್ತಿದ್ದರು. ನಿಲ್ಲಿಸದೆ ತಂತಿ ಕಿತ್ತರೆ, ಅಲ್ಲಿಯವರೆಗೆ ಮೂಕವಾಗಿದ್ದ ಟೇಪ್‌ರೆಕಾರ್ಡರಿನ ಸ್ಪೀಕರ್ ಬಾಯಿಬಿಡುತ್ತದೆ. ಯಂತ್ರ ಬಳಸಿ ಗೊತ್ತಿಲ್ಲದ ಇವನು ಆ ತಪ್ಪು ಮಾಡಿಯೇ ಮಾಡುತ್ತಾನೆಂದು ತಂಗಿ ಕಾದು ಕೂತಿದ್ದಳು. ಸ್ಪೀಕರಿನಿಂದ ಅವಳ ದನಿ ಹೊರಟಿತು.

"ಅಣ್ಣಾ, ಇವರು ಚಪ್ಪಾಳೆ ಹೊಡೆದದ್ದು ನನ್ನ ಪ್ರೋಗ್ರಾಮಿಗೆ. ನಿಂಗೆ ಗೊತ್ತಿತ್ತು. ಗೊತ್ತಿದ್ದೂ ನುಂಗಿಬಿಟ್ಟೆ. ನಾನು ನಿನ್ನ ಕ್ಷಮಿಸಿಲ್ಲ..."

ಮೈಕು ಹತ್ತಿರವೇ ಇತ್ತು. ಇಡೀ ಸಭೆಗೆ ಕೇಳಿಸಿತು. ಮುಂದಿನ ಸಾಲಿನಲ್ಲಿದ್ದ ತಂಗಿಯ ಹೊಟ್ಟೆ ತಣ್ಣಗಾಯಿತು. ಮಗ ಮುಖ ಕಪ್ಪಿಟ್ಟು ಗುಂಡಿಗೆ ಕೈಹಾಕಿದ. ವೇದಿಕೆಯ ಮೇಲಿದ್ದ ಅತ್ತಿಗೆ ಎದ್ದು ಬಂದು ಅವನ ಕೈ ಹಿಡಿದಳು.

"ನಿಲ್ಲಿಸ್ಬೇಡ ಕಣೋ. ಅವಳು ಹೇಳ್ತಿರೋದು ನಿಜ."

ಆಮೇಲೆ ಮುಂದಿನ ಸಾಲಿನತ್ತ ತಿರುಗಿದಳು.

"ಟೇಪಲ್ಲಿ ಯಾಕೆ ಬಯ್ತೀಯ? ಇಲ್ಲಿ ಬಾ, ಎಲ್ಲರ ಎದುರಿಗೆ ಬಯ್ಯಿ. ಕಣ್ಣಾರೆ ಕಂಡೂ ಸುಮ್ನಿದ್ದೋಳು ನಾನು. ನನ್ನನ್ನೂ ಸೇರಿಸಿ ಬಯ್ಯಿ."

ತಂಗಿ ವೇದಿಕೆ ಹತ್ತಿದಳು. ಅಣ್ಣನ ಬಗ್ಗೆ ಹೇಳಬೇಕಾದದ್ದನ್ನೆಲ್ಲ, ಒಂದನ್ನೂ ಬಿಡದೆ, ಹೇಳಿದಳು. ಅತ್ತಿಗೆಯ ಮಾತು ಮಾತ್ರ ಎತ್ತಲೇ ಇಲ್ಲ.